ವಿಲ್ಲಿ ಮೇಸ್ ದೊಡ್ಡವರಾ, ಬ್ಯಾರಿ ಬಾಂಡ್ಸ್ ದೊಡ್ಡವರಾ?

2025ರ ಡಿಸೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಒಂದು ಮತದಾನ ನಡೆಯಿತು. ಮತ ಹಾಕುವವರು 16 ಜನ, ಪಟ್ಟಿಯಲ್ಲಿದ್ದವರು 8 ಮಾಜಿ ಆಟಗಾರರು. ಇವರಲ್ಲಿ ಹಾಲ್ ಆಫ್ ಫೇಮ್‌ಗೆ, ಅಂದರೆ ಆ ಆಟದ ಅತಿ ದೊಡ್ಡ ಗೌರವಕ್ಕೆ, ಯಾರು ಅರ್ಹರು ಅಂತ ತೀರ್ಮಾನಿಸಬೇಕಿತ್ತು. 14 ಮತ ಪಡೆದು ಜೆಫ್ ಕೆಂಟ್ ಆಯ್ಕೆಯಾದರು. ಅದೇ ಪಟ್ಟಿಯಲ್ಲಿ ಬ್ಯಾರಿ ಬಾಂಡ್ಸ್ ಕೂಡ ಇದ್ದರು. ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಇತಿಹಾಸದಲ್ಲೇ ಎಲ್ಲರಿಗಿಂತ ಜಾಸ್ತಿ ಹೋಮ್ ರನ್ ಹೊಡೆದವರು. ಅವರಿಗೆ 5 ಮತವೂ ಬೀಳಲಿಲ್ಲ.

ತಮಾಷೆ ಏನೆಂದರೆ, ಕೆಂಟ್ ಮತ್ತು ಬಾಂಡ್ಸ್ ಆರು ವರ್ಷ ಒಂದೇ ತಂಡದಲ್ಲಿ ಆಡಿದವರು. ಆ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್. ಇಬ್ಬರಿಗೂ ಆಗಿಬರುತ್ತಿರಲಿಲ್ಲ. 2002ರಲ್ಲಿ ಪಂದ್ಯದ ನಡುವೆಯೇ, ಕ್ಯಾಮೆರಾ ಕಣ್ಣೆದುರೇ, ಡಗ್‌ಔಟ್‌ನಲ್ಲಿ ತಳ್ಳಾಡಿಕೊಂಡಿದ್ದರು. ಆದರೂ ಇಬ್ಬರಲ್ಲಿ ಯಾರು ದೊಡ್ಡ ಆಟಗಾರ ಅಂತ ಕೇಳಿದರೆ ಜೈಂಟ್ಸ್ ಅಭಿಮಾನಿಗಳು ಒಂದು ಕ್ಷಣವೂ ಯೋಚಿಸುವುದಿಲ್ಲ. ಅವರ ತಲೆನೋವು ಬೇರೆ. ಬಾಂಡ್ಸ್ ದೊಡ್ಡವರೋ, ಅವರಿಗಿಂತ ಹಿಂದಿನ ವಿಲ್ಲಿ ಮೇಸ್ ದೊಡ್ಡವರೋ? ಡಿಸೆಂಬರ್‌ನ ಫಲಿತಾಂಶ ಈ ಹಳೇ ಜಗಳಕ್ಕೆ ಮತ್ತೆ ಗಾಳಿ ಹಾಕಿತು.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಜೈಂಟ್ಸ್ ಟೋಪಿ ಹಾಕಿಕೊಂಡು ಓಡಾಡುತ್ತಾರೆ. ಮಗಳ ಮನೆಗೋ ಮಗನ ಮನೆಗೋ ಅಂತ ಆರು ತಿಂಗಳು ಹೋದ ಅಜ್ಜ ಅಜ್ಜಿಯರಿಗೆ ಟೀವಿಯಲ್ಲಿ ಏನು ನಡೀತಿದೆ ಅಂತಲೇ ತಿಳಿಯುವುದಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆ ಬೇಸ್‌ಬಾಲ್ ಕೂಡ ವಾಪಸ್ ಬರುತ್ತಿದೆ. ಹಾಗಾಗಿ ಈ ಜಗಳವನ್ನು ಬುಡದಿಂದ ಬಿಡಿಸಿ ನೋಡೋಣ.

## ಮೊದಲು ಆಟದ ಬಗ್ಗೆ ನಾಲ್ಕು ಮಾತು

ಕ್ರಿಕೆಟ್ ಗೊತ್ತಿದ್ದರೆ ಬೇಸ್‌ಬಾಲ್ ಅರ್ಧ ಗೊತ್ತಿದ್ದ ಹಾಗೆ. ಚೆಂಡು ಎಸೆಯುವವರು ಪಿಚರ್. ಚೆಂಡು ನೆಲಕ್ಕೆ ಬೀಳದೆ ನೇರ ಬ್ಯಾಟರ್ ಹತ್ತಿರ ಬರುತ್ತದೆ. ಮೈದಾನದಲ್ಲಿ ವಜ್ರದ ಆಕಾರದಲ್ಲಿ ನಾಲ್ಕು ಬೇಸ್‌ಗಳಿವೆ. ಬ್ಯಾಟರ್ ಚೆಂಡು ಹೊಡೆದು ಓಡಿ, ಒಂದೊಂದೇ ಬೇಸ್ ದಾಟಿ, ಹೊರಟ ಜಾಗಕ್ಕೇ ಬಂದರೆ ಒಂದು ರನ್. ಒಂದೇ ಸಲಕ್ಕೆ ಸುತ್ತಿ ಬರಬೇಕೆಂದೇನಿಲ್ಲ. ಮೊದಲ ಬೇಸ್‌ನಲ್ಲೋ ಎರಡನೆಯದರಲ್ಲೋ ನಿಂತು, ಮುಂದಿನ ಬ್ಯಾಟರ್ ಹೊಡೆಯುವುದನ್ನು ಕಾಯಬಹುದು. ಮೂರು ಜನ ಔಟಾದರೆ ಆ ತಂಡದ ಸರದಿ ಮುಗಿಯಿತು. ಹೀಗೆ ಒಂಬತ್ತು ಸುತ್ತು, ಒಂದೊಂದು ಸುತ್ತಿಗೂ ಇನ್ನಿಂಗ್ಸ್ ಅಂತ ಹೆಸರು.

ಚೆಂಡು ಗಾಳಿಯಲ್ಲೇ ಗೋಡೆ ದಾಟಿದರೆ ಹೋಮ್ ರನ್. ನಮ್ಮ ಸಿಕ್ಸರ್ ಥರ. ಆದರೆ ಎರಡು ವ್ಯತ್ಯಾಸ. ಹಿಂದಕ್ಕೆ, ಪಕ್ಕಕ್ಕೆ ಹೊಡೆದದ್ದು ಲೆಕ್ಕಕ್ಕಿಲ್ಲ, ಮುಂದಿನ ಕಾಲುಭಾಗದೊಳಗೇ ಹೋಗಬೇಕು. ಮತ್ತೆ, ಹೋಮ್ ರನ್‌ಗೆ ಇಷ್ಟೇ ರನ್ ಅಂತ ಇಲ್ಲ. ಆಗ ಬೇಸ್‌ಗಳ ಮೇಲೆ ನಿಂತಿರುವವರೆಲ್ಲ ಒಳಗೆ ಬರುತ್ತಾರೆ. ಯಾರೂ ಇಲ್ಲದಿದ್ದರೆ ಒಂದು ರನ್, ಮೂರೂ ಬೇಸ್ ತುಂಬಿದ್ದರೆ ನಾಲ್ಕು.

ಇನ್ನೊಂದು ನಿಯಮ ತಿಳಿದಿರಬೇಕು, ಮುಂದೆ ಬೇಕಾಗುತ್ತದೆ. ಪಿಚರ್ ನಾಲ್ಕು ಸಲ ಗುರಿ ಬಿಟ್ಟು ಎಸೆದರೆ, ಬ್ಯಾಟರ್ ಹೊಡೆಯದೇ ಮೊದಲ ಬೇಸ್‌ಗೆ ಹೋಗಬಹುದು. ಇದು ವಾಕ್. ಎದುರಿಗಿರುವ ಬ್ಯಾಟರ್ ಅಂದರೆ ಭಯವಿದ್ದರೆ, ಬೇಕೆಂದೇ ವಾಕ್ ಕೊಟ್ಟು "ನೀನು ಹೋಗು ಮಾರಾಯ, ಮುಂದಿನವನನ್ನು ನೋಡಿಕೊಳ್ತೀವಿ" ಅನ್ನಬಹುದು. ಕ್ರಿಕೆಟ್‌ನಲ್ಲಿ ಇಂಥ ದಾರಿ ಇಲ್ಲ. ವಿವಿಯನ್ ರಿಚರ್ಡ್ಸ್ ಕಾಲದ ಬೌಲರ್‌ಗಳು ಇದನ್ನು ಕೇಳಿದರೆ ಹೊಟ್ಟೆ ಉರಿದುಕೊಂಡಾರು.

## ಯಾವ ತಂಡದ ಮಾತು ಇದು?

ಜೈಂಟ್ಸ್ ಹುಟ್ಟಿದ್ದು 1883ರಲ್ಲಿ, ನ್ಯೂಯಾರ್ಕ್‌ನಲ್ಲಿ. 1957ರ ತನಕ ಅಲ್ಲೇ ಇತ್ತು. 1958ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಮೆರಿಕದ ಇನ್ನೊಂದು ತುದಿಗೆ, ಸ್ಯಾನ್ ಫ್ರಾನ್ಸಿಸ್ಕೊಗೆ ಬಂತು. ಅಲ್ಲಿ ತಂಡಗಳು ಖಾಸಗಿ ಮಾಲೀಕರವು. ಲಾಭ ಕಂಡರೆ ಊರು ಬದಲಿಸುತ್ತವೆ. ವಿಶ್ವ ಸರಣಿ ಅಂತ ಕರೆಯುವ ವರ್ಲ್ಡ್ ಸೀರೀಸ್ ಅನ್ನು ಈ ತಂಡ ಎಂಟು ಸಲ ಗೆದ್ದಿದೆ. ಐದು ಸಲ ನ್ಯೂಯಾರ್ಕ್‌ನಲ್ಲಿದ್ದಾಗ, ಮೂರು ಸಲ ಈಗಿನ ಊರಿನಲ್ಲಿ: 2010, 2012, 2014.

ಇಷ್ಟು ಹಳೆಯ ತಂಡದಲ್ಲಿ ದೊಡ್ಡವರು ಇಬ್ಬರೇ ಇರುತ್ತಾರಾ? ಇಲ್ಲ. ಕ್ರಿಸ್ಟಿ ಮ್ಯಾಥ್ಯೂಸನ್ ಎಂಬ ಪಿಚರ್ 1905ರ ವರ್ಲ್ಡ್ ಸೀರೀಸ್‌ನಲ್ಲಿ ಆರು ದಿನಗಳಲ್ಲಿ ಮೂರು ಪೂರ್ತಿ ಪಂದ್ಯ ಎಸೆದು, ಒಂದೇ ಒಂದು ರನ್ ಬಿಟ್ಟುಕೊಡಲಿಲ್ಲ. ಈಗಿನ ಪಿಚರ್‌ಗಳು ಒಂದು ಪಂದ್ಯದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಸೆದು ನಾಲ್ಕೈದು ದಿನ ಸುಧಾರಿಸಿಕೊಳ್ಳುತ್ತಾರೆ. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಮೊಟ್ಟಮೊದಲು ಆಯ್ಕೆಯಾದ ಐವರಲ್ಲಿ ಮ್ಯಾಥ್ಯೂಸನ್ ಒಬ್ಬರು. ಆಮೇಲೆ ಮೆಲ್ ಆಟ್. 511 ಹೋಮ್ ರನ್, ಎಲ್ಲವೂ ಜೈಂಟ್ಸ್‌ಗೇ. ಸ್ಯಾನ್ ಫ್ರಾನ್ಸಿಸ್ಕೊ ಕಾಲದಲ್ಲಿ ವಿಲ್ಲಿ ಮೆಕೋವಿ, ಹುವಾನ್ ಮರಿಚಾಲ್. ಮೂರು ಸಲ ಕಪ್ ಗೆದ್ದ ಹೊಸ ಕಾಲಕ್ಕೆ ಬಸ್ಟರ್ ಪೋಸಿ, ಮ್ಯಾಡಿಸನ್ ಬಮ್‌ಗಾರ್ನರ್.

ಇವರೆಲ್ಲ ಇದ್ದೂ ಮಾತು ಮೇಸ್ ಮತ್ತು ಬಾಂಡ್ಸ್ ಹತ್ತಿರವೇ ಬಂದು ನಿಲ್ಲುತ್ತದೆ. ಜೈಂಟ್ಸ್ ಮಾತ್ರ ಅಲ್ಲ, ಇಡೀ ಬೇಸ್‌ಬಾಲ್ ಚರಿತ್ರೆಯ ಮೊದಲ ನಾಲ್ಕೈದು ಹೆಸರು ಬರೆಯಿರಿ ಅಂದರೂ ಇವರಿಬ್ಬರು ಬರುತ್ತಾರೆ ಎಂಬುದೇ ಕಾರಣ.

## ಮೇಸ್: ಬೆನ್ನು ತಿರುಗಿಸಿ ಹಿಡಿದ ಕ್ಯಾಚ್

ವಿಲ್ಲಿ ಮೇಸ್ ಹುಟ್ಟಿದ್ದು 1931ರಲ್ಲಿ, ಅಲಬಾಮಾದಲ್ಲಿ. ಕರಿಯರು ಬಿಳಿಯರ ಜೊತೆ ಕೂತು ಊಟ ಮಾಡುವಂತಿರದ ಕಾಲ, ಊರು. ಮೇಜರ್ ಲೀಗ್‌ನಲ್ಲೂ ಕರಿಯರಿಗೆ ಜಾಗ ಇರಲಿಲ್ಲ. 1947ರಲ್ಲಿ ಜಾಕಿ ರಾಬಿನ್ಸನ್ ಆ ಗೋಡೆ ಒಡೆದರು. ಮರುವರ್ಷ ಮೇಸ್, ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಹುಡುಗ, ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ಎಂಬ ಕರಿಯರ ಲೀಗ್ ತಂಡಕ್ಕೆ ಆಡಿದರು. 1951ರಲ್ಲಿ ಜೈಂಟ್ಸ್ ಕರೆಸಿಕೊಂಡಿತು. ಮೊದಲ ಹನ್ನೆರಡು ಸರದಿಯಲ್ಲಿ ಒಂದೂ ಹಿಟ್, ಅಂದರೆ ಬೇಸ್ ತಲುಪಿಸುವ ಹೊಡೆತ, ಬರಲಿಲ್ಲ. ಮೊದಲ ಹಿಟ್ ಬಂದಾಗ ಅದು ಹೋಮ್ ರನ್. ಎಸೆದದ್ದು ವಾರೆನ್ ಸ್ಪಾನ್, ಆ ಕಾಲದ ಮಹಾ ಪಿಚರ್. ಆಮೇಲೆ ಮತ್ತೆ ಬರಗಾಲ. ತನ್ನನ್ನು ಕೆಳಗಿನ ಲೀಗ್‌ಗೇ ಕಳಿಸಿ ಅಂತ ಮೇಸ್ ಅತ್ತರಂತೆ. ಮ್ಯಾನೇಜರ್ ಲಿಯೊ ಡುರೋಷರ್ ಕಳಿಸಲಿಲ್ಲ. ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಮೇಸ್‌ಗೇ ಬಂತು.

ಮುಂದೆ 1952ರ ಬಹುಪಾಲು, 1953 ಪೂರ್ತಿ, ಕಡ್ಡಾಯ ಸೇನಾ ಸೇವೆಗೆ ಹೋಯಿತು. ವಾಪಸ್ ಬಂದ 1954ರಲ್ಲಿ ಅವರೇ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ. ಈ ಪ್ರಶಸ್ತಿಯನ್ನು ಎಂವಿಪಿ ಅನ್ನುತ್ತಾರೆ. ಜೈಂಟ್ಸ್ ವರ್ಲ್ಡ್ ಸೀರೀಸ್‌ಗೆ ಹೋಯಿತು. ಎದುರಾಳಿ ಕ್ಲೀವ್‌ಲ್ಯಾಂಡ್, ಆ ಋತುವಿನಲ್ಲಿ 111 ಪಂದ್ಯ ಗೆದ್ದಿದ್ದ ತಂಡ.

ಸೆಪ್ಟೆಂಬರ್ 29. ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್. ಮೊದಲ ಪಂದ್ಯ, ಎಂಟನೇ ಇನ್ನಿಂಗ್ಸ್, ಸ್ಕೋರು 2–2. ಕ್ಲೀವ್‌ಲ್ಯಾಂಡ್‌ನ ಇಬ್ಬರು ಬೇಸ್ ಮೇಲಿದ್ದಾರೆ, ಯಾರೂ ಔಟಾಗಿಲ್ಲ. ವಿಕ್ ವರ್ಟ್ಜ್ ಚೆಂಡನ್ನು ಮೈದಾನದ ನಟ್ಟನಡುವಿನ ಆಳಕ್ಕೆ ಬಾರಿಸಿದರು. ಸೆಂಟರ್ ಫೀಲ್ಡ್‌ನಲ್ಲಿದ್ದ ಮೇಸ್ ಬ್ಯಾಟರ್‌ಗೆ ಬೆನ್ನು ತಿರುಗಿಸಿ ಗೋಡೆ ಕಡೆ ಓಡತೊಡಗಿದರು. ಸುಮ್ನೆ ಓಟ, ತಲೆ ಎತ್ತದೆ. 420 ಅಡಿಗಿಂತ ಆಚೆ, ಭುಜದ ಮೇಲಿಂದ ಇಳಿದ ಚೆಂಡನ್ನು ಎರಡೂ ಕೈ ಚಾಚಿ, ಇನ್ನೂ ಬೆನ್ನು ತಿರುಗಿಸಿಕೊಂಡೇ ಹಿಡಿದರು.

ಇಷ್ಟು ಎಲ್ಲರಿಗೂ ಗೊತ್ತು, ಫೋಟೊ ಜಗತ್ಪ್ರಸಿದ್ಧ. ಆದರೆ ಆಟ ಬಲ್ಲವರು ಕ್ಯಾಚ್‌ಗಿಂತ ಅದರ ಮುಂದಿನ ಕ್ಷಣವನ್ನು ನೋಡಿ ಅನ್ನುತ್ತಾರೆ. ಕ್ಯಾಚ್ ಆದ ಮೇಲೂ ಬೇಸ್ ಮೇಲಿರುವವರು ಓಡಬಹುದು. ಅಷ್ಟು ಆಳದಿಂದ ಚೆಂಡು ವಾಪಸ್ ಬರುವಷ್ಟರಲ್ಲಿ ಎರಡನೇ ಬೇಸ್‌ನಲ್ಲಿದ್ದ ಲ್ಯಾರಿ ಡೋಬಿ ಹೊರಟ ಜಾಗ ಸೇರಿ ರನ್ ತರಬಹುದಿತ್ತು. ಮೇಸ್ ಹಿಡಿದ ಕಾಲಲ್ಲೇ ಗಿರಕಿ ಹೊಡೆದು, ಟೋಪಿ ಹಾರಿಹೋಗುತ್ತಿದ್ದ ಹಾಗೇ ಚೆಂಡನ್ನು ಒಳಗೆ ಎಸೆದರು. ಡೋಬಿ ಮೂರನೇ ಬೇಸ್‌ನಲ್ಲೇ ನಿಂತರು. ಆ ಇನ್ನಿಂಗ್ಸ್‌ನಲ್ಲಿ ಒಂದು ರನ್ನೂ ಬರಲಿಲ್ಲ. ಒಂಬತ್ತು ಸುತ್ತಾದರೂ ಸ್ಕೋರು ಸಮವೇ ಇದ್ದದ್ದರಿಂದ ಆಟ ಮುಂದುವರಿಯಿತು. ಹತ್ತನೇ ಇನ್ನಿಂಗ್ಸ್‌ನಲ್ಲಿ ಜೈಂಟ್ಸ್‌ನ ಡಸ್ಟಿ ರೋಡ್ಸ್ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದರು. ಸರಣಿ 4–0.

ರೋಡ್ಸ್ ಹೊಡೆದ ಚೆಂಡು ಹೋದದ್ದು ಎಷ್ಟು ದೂರ? ಬಲಗಡೆ ಮೂಲೆಗೆ, ಸುಮಾರು 260 ಅಡಿ. ಪೋಲೊ ಗ್ರೌಂಡ್ಸ್ ಉದ್ದನೆಯ ಸ್ನಾನದ ತೊಟ್ಟಿಯ ಆಕಾರದ ಮೈದಾನ. ನಡುವೆ ಗೋಡೆ 480 ಅಡಿಗಿಂತ ದೂರ, ಬಲ ಮೂಲೆಯಲ್ಲಿ 258 ಅಡಿಗೇ ಗೋಡೆ. 420 ಅಡಿ ಹೊಡೆದವರು ಔಟ್, 260 ಅಡಿ ಹೊಡೆದವರು ಹೀರೊ. ಬೇಸ್‌ಬಾಲ್‌ನಲ್ಲಿ ಮೈದಾನಗಳ ಅಳತೆ ಒಂದೇ ಇರಬೇಕೆಂಬ ನಿಯಮ ಇಲ್ಲ. ಹಾಗಾಗಿ ಹಳೇ ಅಂಕಿಗಳನ್ನು ಹಾಗೇ ನಂಬುವ ಹಾಗಿಲ್ಲ. ಮೆಲ್ ಆಟ್ ತಮ್ಮ 511ರಲ್ಲಿ 323 ಹೋಮ್ ರನ್ ಹೊಡೆದದ್ದು ಇದೇ ಮೈದಾನದಲ್ಲಿ. ಎಡಗೈ ಬ್ಯಾಟರ್ ಆದ ಅವರಿಗೆ ಆ ಬಲ ಮೂಲೆ ವರವೇ ಆಗಿತ್ತು.

ಮೇಸ್ ನಿವೃತ್ತರಾದಾಗ ಲೆಕ್ಕ ಹೀಗಿತ್ತು: 660 ಹೋಮ್ ರನ್, ಎರಡು ಎಂವಿಪಿ, ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ 12 ಸಲ. ಗೋಲ್ಡ್ ಗ್ಲವ್ ಶುರುವಾದದ್ದೇ 1957ರಲ್ಲಿ. ಆ ಪ್ರಸಿದ್ಧ ಕ್ಯಾಚ್ ಹಿಡಿದ ವರ್ಷಕ್ಕೆ ಪ್ರಶಸ್ತಿಯೇ ಇರಲಿಲ್ಲ.

## ಬಾಂಡ್ಸ್: ಎಸೆಯುವುದಕ್ಕೇ ಹೆದರಿದರು

ಬ್ಯಾರಿ ಬಾಂಡ್ಸ್ ಜೈಂಟ್ಸ್‌ನ ಮನೆಮಗ. ತಂದೆ ಬಾಬಿ ಬಾಂಡ್ಸ್ ಇದೇ ತಂಡದಲ್ಲಿ ಮೇಸ್ ಜೊತೆ ಆಡಿದವರು. ಕ್ರೈಸ್ತರಲ್ಲಿ ಮಗುವಿಗೆ ಎರಡನೇ ತಂದೆಯ ಹಾಗೆ ನಿಲ್ಲುವ ಗಾಡ್‌ಫಾದರ್ ಇರುತ್ತಾರಲ್ಲ, ಬ್ಯಾರಿಗೆ ಆ ಸ್ಥಾನದಲ್ಲಿದ್ದವರು ಸ್ವತಃ ಮೇಸ್. ಅಭಿಮಾನಿಗಳು ಕಿತ್ತಾಡುತ್ತಿರುವುದು ಒಂದೇ ಮನೆಯವರಂಥ ಇಬ್ಬರ ಬಗ್ಗೆ.

1993ರಲ್ಲಿ ಪಿಟ್ಸ್‌ಬರ್ಗ್ ಪೈರೆಟ್ಸ್ ಬಿಟ್ಟು ಜೈಂಟ್ಸ್‌ಗೆ ಬರುವ ಹೊತ್ತಿಗೇ ಬಾಂಡ್ಸ್ ಎರಡು ಎಂವಿಪಿ ಗೆದ್ದಿದ್ದರು. ಬಂದ ವರ್ಷವೇ ಮೂರನೆಯದು. 2001ರಿಂದ 2004ರ ತನಕ ಸತತ ನಾಲ್ಕು. ಒಟ್ಟು ಏಳು. ಬೇರೆ ಯಾರೂ ಇಷ್ಟು ಗೆದ್ದಿಲ್ಲ. 2001ರಲ್ಲಿ ಒಂದೇ ಋತುವಿನಲ್ಲಿ 73 ಹೋಮ್ ರನ್. ಅದೂ ದಾಖಲೆ. 2004ರ ಏಪ್ರಿಲ್‌ನಲ್ಲಿ ಮೇಸ್‌ರ 660 ದಾಟಿದರು. 2007ರ ಆಗಸ್ಟ್ 7ರಂದು ಹ್ಯಾಂಕ್ ಏರನ್‌ರ 755 ದಾಟಿದರು. 762ಕ್ಕೆ ನಿಲ್ಲಿಸಿದರು. ಜೊತೆಗೆ 514 ಬೇಸ್ ಕದ್ದಿದ್ದಾರೆ, ಅಂದರೆ ಪಿಚರ್ ಕಣ್ಣುತಪ್ಪಿಸಿ ಮುಂದಿನ ಬೇಸ್‌ಗೆ ಓಡಿದ್ದಾರೆ. 500 ಹೋಮ್ ರನ್ ಮತ್ತು 500 ಬೇಸ್ ಕಳವು ಎರಡೂ ಇರುವವರು ಇವರೊಬ್ಬರೇ.

ಆದರೆ ಬಾಂಡ್ಸ್ ಹೇಗಿದ್ದರು ಅಂತ ತಿಳಿಯಬೇಕಾದರೆ ಅವರು ಹೊಡೆದದ್ದಕ್ಕಿಂತ ಹೊಡೆಯಲು ಬಿಡದೇ ಹೋದದ್ದನ್ನು ನೋಡಬೇಕು. 1998ರ ಮೇ 28, ಅರಿಜೋನಾ ಡೈಮಂಡ್‌ಬ್ಯಾಕ್ಸ್ ವಿರುದ್ಧ ಪಂದ್ಯ. ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟ್. ಅರಿಜೋನಾ 8–6 ಮುಂದಿದೆ. ಮೂರೂ ಬೇಸ್ ತುಂಬಿವೆ. ಬಾಂಡ್ಸ್ ಬಂದರು. ಅರಿಜೋನಾ ಮ್ಯಾನೇಜರ್ ಬಕ್ ಶೋವಾಲ್ಟರ್ ಬೇಕೆಂದೇ ವಾಕ್ ಕೊಡಿಸಿದರು. ಬೇಸ್‌ಗಳು ತುಂಬಿರುವಾಗ ವಾಕ್ ಕೊಟ್ಟರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿಯಬೇಕು, ಮೂರನೆಯದರಲ್ಲಿದ್ದವರು ಒಳಗೆ ಬರಬೇಕು. ಅಂದರೆ ಕೈಯಾರೆ ಒಂದು ರನ್ ದಾನ. ಸ್ಕೋರು 8–7. ಮುಂದಿನ ಬ್ಯಾಟರ್ ಬ್ರೆಂಟ್ ಮೇನ್ ಚೆನ್ನಾಗೇ ಹೊಡೆದರು, ಚೆಂಡು ನೇರ ಬಲಗಡೆ ಫೀಲ್ಡರ್ ಕೈಗೆ ಹೋಯಿತು. ಅರಿಜೋನಾ ಗೆದ್ದಿತು. ಶೋವಾಲ್ಟರ್ ಲೆಕ್ಕ ಸರಿಯಾಗಿತ್ತು!

ಒಂದು ಋತುವಿನಲ್ಲಿ ಅತಿ ಹೆಚ್ಚು ಉದ್ದೇಶಪೂರ್ವಕ ವಾಕ್ ಪಡೆದ ದಾಖಲೆ ಬಹಳ ಕಾಲ ಜೈಂಟ್ಸ್‌ನ ಮೆಕೋವಿ ಹೆಸರಿನಲ್ಲೇ ಇತ್ತು: 1969ರಲ್ಲಿ 45. ಬಾಂಡ್ಸ್ 2002ರಲ್ಲಿ ಅದನ್ನು 68 ಮಾಡಿದರು. 2004ರಲ್ಲಿ 120. ಬಾಕಿ ವಾಕ್‌ಗಳನ್ನೂ ಸೇರಿಸಿದರೆ ಆ ವರ್ಷ ಒಟ್ಟು 232. ಅವರು ಬ್ಯಾಟ್ ಹಿಡಿದು ಬಂದ 100 ಸಲದಲ್ಲಿ 61 ಸಲ ಔಟಾಗದೆ ಬೇಸ್ ತಲುಪಿದರು. ಸಾಮಾನ್ಯ ಬ್ಯಾಟರ್‌ಗೆ ಇದು 32, 33. ನಲವತ್ತು ಮುಟ್ಟಿದರೆ ಅವರು ಆ ವರ್ಷದ ತಾರೆ. ನನಗೆ ಕೇಳಿದರೆ ಬಾಂಡ್ಸ್‌ರ 73ಕ್ಕಿಂತ ಈ 61 ದೊಡ್ಡದು.

## ಬೇರೆ ಬೇರೆ ಕಾಲದವರನ್ನು ತೂಗುವುದು ಹೇಗೆ?

ಇಲ್ಲಿ "ವಾರ್" ಎಂಬ ಲೆಕ್ಕ ಬರುತ್ತದೆ. ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ, ಮೂರು ಇಂಗ್ಲಿಷ್ ಅಕ್ಷರಗಳ ಚುಟುಕು ಹೆಸರು. ಕಳೆದ ಎರಡು ದಶಕಗಳಲ್ಲಿ ಬೇಸ್‌ಬಾಲ್‌ನ ಪ್ರತಿ ವಾದವೂ ಇದರ ಮೇಲೆ ಒಂದು ಸಲವಾದರೂ ಬಂದು ಕೂರುತ್ತದೆ.

ಮದುವೆಗೆ ಒಳ್ಳೇ ಅಡುಗೆ ಭಟ್ಟರನ್ನು ಗೊತ್ತು ಮಾಡಿದ್ದೀರಿ ಅಂದುಕೊಳ್ಳಿ. ಹಿಂದಿನ ರಾತ್ರಿ ಅವರಿಗೆ ಜ್ವರ. ಊಟ ನಿಲ್ಲುವುದಿಲ್ಲ, ಅಕ್ಕಪಕ್ಕದಲ್ಲಿ ಸಿಕ್ಕವರನ್ನು ಹಿಡಿದು ತರುತ್ತೀರಿ. ಅನ್ನ, ಸಾರು, ಒಂದು ಪಲ್ಯ ಹೇಗೋ ಆಗುತ್ತದೆ. ದೊಡ್ಡ ಭಟ್ಟರ ಬೆಲೆ ಎಷ್ಟು ಅಂತ ಕೇಳಿದರೆ, ಅವರ ಊಟವನ್ನು ಉಪವಾಸದ ಜೊತೆ ಹೋಲಿಸಬಾರದು. ಆ ರಾತ್ರಿ ಸಿಕ್ಕವರ ಊಟದ ಜೊತೆ ಹೋಲಿಸಬೇಕು.

ವಾರ್ ಮಾಡುವುದು ಇದನ್ನೇ. ಒಬ್ಬ ಆಟಗಾರನ ಜಾಗದಲ್ಲಿ, ಕೆಳಗಿನ ಲೀಗ್‌ನಿಂದ ಕಡಿಮೆ ದುಡ್ಡಿಗೆ ಸಿಗುವ ಸಾಧಾರಣ ಆಟಗಾರನನ್ನು ಹಾಕಿದ್ದರೆ ತಂಡ ಎಷ್ಟು ಪಂದ್ಯ ಕಡಿಮೆ ಗೆಲ್ಲುತ್ತಿತ್ತು? ಅದೇ ಅಂಕ. ಬ್ಯಾಟಿಂಗ್, ಓಟ, ಫೀಲ್ಡಿಂಗ್ ಎಲ್ಲವನ್ನೂ ಮೊದಲು ರನ್‌ಗಳಿಗೆ ಬದಲಿಸುತ್ತಾರೆ. ಆಮೇಲೆ ಸುಮಾರು ಹತ್ತು ರನ್‌ಗೆ ಒಂದು ಗೆಲುವು ಅಂತ ಹಿಡಿಯುತ್ತಾರೆ. ಆ ಕಾಲದಲ್ಲಿ ರನ್ ಸುಲಭವಿತ್ತೋ ಕಷ್ಟವಿತ್ತೋ, ಮೈದಾನ ಚಿಕ್ಕದೋ ದೊಡ್ಡದೋ ಎಂಬುದಕ್ಕೂ ಸರಿದೂಗಿಸುತ್ತಾರೆ. ಒಂದು ಋತುವಿಗೆ 2 ಬಂದರೆ ತಂಡದಲ್ಲಿ ಜಾಗ ಗಟ್ಟಿ. 8 ಬಂದರೆ ಎಂವಿಪಿ ಮಾತು. 10 ದಾಟುವುದು ತೀರಾ ಅಪರೂಪ. ಮೇಸ್ ಮತ್ತು ಬಾಂಡ್ಸ್ ಇಬ್ಬರೂ ಅದನ್ನು ಹಲವು ಸಲ ದಾಟಿದ್ದಾರೆ.

ಬೇಸ್‌ಬಾಲ್ ರೆಫರೆನ್ಸ್ ತಾಣದ ಲೆಕ್ಕದಲ್ಲಿ ಇಡೀ ವೃತ್ತಿಜೀವನಕ್ಕೆ ಬಾಂಡ್ಸ್‌ಗೆ ಸುಮಾರು 163, ಮೇಸ್‌ಗೆ ಸುಮಾರು 156. ಅಲ್ಲಿಗೆ ಬಾಂಡ್ಸ್ ಗೆದ್ದರು, ಅಲ್ವಾ?

ಅಷ್ಟು ಸುಲಭವಲ್ಲ. ಈಗ ಪ್ರತಿ ಫೀಲ್ಡರ್ ಎಷ್ಟು ವೇಗವಾಗಿ, ಎಷ್ಟು ದೂರ ಓಡಿದ ಅಂತ ಕ್ಯಾಮೆರಾಗಳು ಅಳೆಯುತ್ತವೆ. ಮೇಸ್ ಕಾಲದಲ್ಲಿ ಅದಿಲ್ಲ. ಅವರ ಫೀಲ್ಡಿಂಗ್ ಅಂಕವನ್ನು ಹಳೇ ದಾಖಲೆಗಳಿಂದ ಅಂದಾಜು ಮಾಡಿದ್ದಾರೆ. ಸೇನೆಗೆ ಹೋದ ಸುಮಾರು ಎರಡು ವರ್ಷ ಲೆಕ್ಕದಲ್ಲೇ ಇಲ್ಲ. ಏಳು ಅಂಕದ ಅಂತರ ಆ ಎರಡು ವರ್ಷದಲ್ಲಿ ಮುಚ್ಚಿಹೋಗಬಹುದಿತ್ತು. ಇನ್ನೊಂದು ಕಡೆ, ಮೇಸ್ ಆಡಿದ್ದು ಕಡಿಮೆ ತಂಡಗಳಿದ್ದ, ಹೊರದೇಶದ ಆಟಗಾರರು ಕಡಿಮೆ ಇದ್ದ ಕಾಲದಲ್ಲಿ. ಬಾಂಡ್ಸ್ ಎದುರಿಸಿದ್ದು ಹೆಚ್ಚು ವೇಗದ, ಪ್ರತಿ ಇನ್ನಿಂಗ್ಸ್‌ಗೂ ಹೊಸಬರು ಬರುವ ಪಿಚರ್‌ಗಳನ್ನು.

ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಪ್ರಶ್ನೆ ಇದ್ದದ್ದು ಬೇಸ್‌ಬಾಲ್‌ನ ದೊಡ್ಡ ಆಟಗಾರ ಯಾರು ಅಂತಲ್ಲ, ಜೈಂಟ್ಸ್‌ನ ದೊಡ್ಡ ಆಟಗಾರ ಯಾರು ಅಂತ. ಬಾಂಡ್ಸ್‌ರ ಮೊದಲ ಏಳು ವರ್ಷ ಪಿಟ್ಸ್‌ಬರ್ಗ್‌ನದು. ಆ ಅಂಕ ತೆಗೆದರೆ ಜೈಂಟ್ಸ್ ಪಾಲಿಗೆ ಉಳಿಯುವುದು 112ರ ಆಸುಪಾಸು. ಮೇಸ್ 1972ರ ಮೇ ತಿಂಗಳ ತನಕ ಜೈಂಟ್ಸ್‌ನಲ್ಲೇ ಇದ್ದು, ಕೊನೆಯ ಸ್ವಲ್ಪ ಕಾಲ ಮಾತ್ರ ನ್ಯೂಯಾರ್ಕ್ ಮೆಟ್ಸ್‌ಗೆ ಆಡಿದರು. ಅವರ ಜೈಂಟ್ಸ್ ಅಂಕ 150 ದಾಟುತ್ತದೆ. ಹೋಮ್ ರನ್ ಹಾಗೇ ನೋಡಿ: ಜೈಂಟ್ಸ್‌ಗಾಗಿ ಮೇಸ್ 646, ಬಾಂಡ್ಸ್ 586. ಪ್ರಶ್ನೆಯ ಒಂದು ಶಬ್ದ ಸರಿಸಿದರೆ ಉತ್ತರವೇ ತಿರುಗುತ್ತದೆ. ಈ ವಾದ ಮುಗಿಯದೇ ಇರುವುದಕ್ಕೆ ಅರ್ಧ ಕಾರಣ ಇದೇ. ಎರಡು ಕಡೆಯವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ.

ನಮ್ಮಲ್ಲೂ ಇದೇ ಗೋಳು. ಕರ್ನಾಟಕದ ದೊಡ್ಡ ಬ್ಯಾಟ್ಸ್‌ಮನ್ ಯಾರು ಅಂದರೆ ಒಬ್ಬರು ದ್ರಾವಿಡ್‌ರ 13,288 ಟೆಸ್ಟ್ ರನ್ ಹೇಳುತ್ತಾರೆ. ಹಿರಿಯರೊಬ್ಬರು ಅದನ್ನು ಕಿವಿಗೇ ಹಾಕಿಕೊಳ್ಳದೆ, 1975ರಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ವಿಶ್ವನಾಥ್ ಹೊಡೆದ ಔಟಾಗದ 97ರ ಬಗ್ಗೆ ಶುರು ಮಾಡುತ್ತಾರೆ.

## ಔಷಧಿಯ ಪ್ರಶ್ನೆ

ಈಗ ಎಲ್ಲರೂ ಕಾಯುತ್ತಿದ್ದ ಮಾತು. ಬಾಂಡ್ಸ್ ಹಾಲ್ ಆಫ್ ಫೇಮ್‌ನಲ್ಲಿ ಯಾಕಿಲ್ಲ?

1990ರ ದಶಕದಲ್ಲಿ ಬೇಸ್‌ಬಾಲ್‌ನಲ್ಲಿ ಸ್ಟೆರಾಯ್ಡ್ ಬಳಕೆ ಹಬ್ಬಿತ್ತು. ಸ್ಟೆರಾಯ್ಡ್ ಎಂದರೆ ಸ್ನಾಯು ಬೆಳೆಸುವ, ದಣಿದ ಮೈಯನ್ನು ಬೇಗ ಸುಧಾರಿಸುವ ಔಷಧಿ. ಅದು ಕೈಗೆ ಬಲ ಕೊಡುತ್ತದೆ, ಚೆಂಡು ಗುರುತಿಸುವ ಕಣ್ಣು ಕೊಡುವುದಿಲ್ಲ. ಆದರೆ ಬಲ ಇದ್ದರೆ ಗೋಡೆ ಹತ್ತಿರ ಕ್ಯಾಚ್ ಆಗುವ ಚೆಂಡು ಗೋಡೆ ದಾಟುತ್ತದೆ. ಮೇಜರ್ ಲೀಗ್‌ನಲ್ಲಿ ಸಿಕ್ಕಿಬಿದ್ದವರಿಗೆ ಶಿಕ್ಷೆ ಕೊಡುವ ಪರೀಕ್ಷೆ ಶುರುವಾದದ್ದೇ 2004ರಲ್ಲಿ.

2003ರಲ್ಲಿ ಬೇ ಏರಿಯಾದ ಬರ್ಲಿಂಗೇಮ್‌ನಲ್ಲಿದ್ದ ಬಾಲ್ಕೊ ಎಂಬ ಪ್ರಯೋಗಾಲಯದ ಮೇಲೆ ದಾಳಿಯಾಯಿತು. ಅದು ಕ್ರೀಡಾಪಟುಗಳಿಗೆ ಸ್ಟೆರಾಯ್ಡ್ ಒದಗಿಸುತ್ತಿತ್ತು. ಬಾಂಡ್ಸ್‌ರನ್ನೂ ಸಾಕ್ಷಿ ಹೇಳಲು ಕರೆಸಿದರು. ಗೊತ್ತಿದ್ದೂ ಸ್ಟೆರಾಯ್ಡ್ ತೆಗೆದುಕೊಂಡಿಲ್ಲ ಎಂಬುದು ಅವರ ನಿಲುವು. ತರಬೇತುದಾರ ಕೊಟ್ಟದ್ದು ಅಗಸೆ ಎಣ್ಣೆ ಮತ್ತು ಸಂಧಿನೋವಿನ ಮುಲಾಮು ಅಂತ ನಂಬಿದ್ದಾಗಿ ಹೇಳಿದರು. ಈ ಸಾಕ್ಷ್ಯದ ಮೇಲೆ ಮೊಕದ್ದಮೆ ನಡೆಯಿತು. 2011ರಲ್ಲಿ, ನ್ಯಾಯಕ್ಕೆ ಅಡ್ಡಿ ಮಾಡಿದರು ಎಂಬ ಒಂದು ಆರೋಪದಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದು ಮಾಡಿತು. ಸ್ಟೆರಾಯ್ಡ್ ಕಾರಣಕ್ಕೆ ಲೀಗ್ ಅವರನ್ನು ಒಂದು ದಿನವೂ ಅಮಾನತು ಮಾಡಲಿಲ್ಲ.

ಕೋರ್ಟು ಬೇರೆ, ಮತದಾರರು ಬೇರೆ. ಹಾಲ್ ಆಫ್ ಫೇಮ್‌ಗೆ ಮೊದಲ ಹತ್ತು ವರ್ಷ ಮತ ಹಾಕುವವರು ಹಿರಿಯ ಕ್ರೀಡಾ ಪತ್ರಕರ್ತರು. ಶೇ. 75 ಬೇಕು. ಬಾಂಡ್ಸ್‌ಗೆ 2013ರಲ್ಲಿ ಶೇ. 36 ಬಂತು, ಕೊನೆಯ ಅವಕಾಶವಾದ 2022ರಲ್ಲಿ ಶೇ. 66. ಆಮೇಲೆ ವಿಷಯ ಚಿಕ್ಕ ಸಮಿತಿಯ ಕೈಗೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ನಡೆದದ್ದು ಆ ಸಮಿತಿಯ ಮತದಾನ.

ಬಾಂಡ್ಸ್ ಪರ ವಾದಿಸುವವರು ಹೇಳುವುದು ಹೀಗೆ. ಅನುಮಾನವೆಲ್ಲ ಇರುವುದು 1998ರ ನಂತರದ ವರ್ಷಗಳ ಮೇಲೆ. ಆ ಹೊತ್ತಿಗೇ ಅವರ ಹತ್ತಿರ 411 ಹೋಮ್ ರನ್, ಮೂರು ಎಂವಿಪಿ, ಎಂಟು ಗೋಲ್ಡ್ ಗ್ಲವ್ ಇದ್ದವು. ಅಲ್ಲಿಗೇ ನಿಲ್ಲಿಸಿದ್ದರೂ ದೊಡ್ಡವರೇ. ಎದುರು ವಾದ: ಒಪ್ಪಿದೆವು, ಆದರೆ ಮೇಸ್ ಜೊತೆ ಹೋಲಿಸಲು ನೀವು ಹಿಡಿದುಕೊಂಡು ಬರುವುದು ಆಮೇಲಿನ ವರ್ಷಗಳನ್ನೇ ತಾನೆ? ಮೇಸ್‌ಗೆ 36, 37 ವಯಸ್ಸಾದ ಎರಡು ಋತುಗಳಲ್ಲಿ ಬಂದದ್ದು 22 ಮತ್ತು 23 ಹೋಮ್ ರನ್. ಬಾಂಡ್ಸ್‌ಗೆ ಅದೇ ವಯಸ್ಸಿನಲ್ಲಿ 73. ಈ ಎರಡನೇ ವಾದಕ್ಕೆ ಸರಿಯಾದ ಉತ್ತರ ನಾನು ಇದುವರೆಗೆ ಕೇಳಿಲ್ಲ.

## ಅಂಕಿಯಲ್ಲಿ ಸಿಗದ ಕೆಲವು ಸಂಗತಿ

ಇಷ್ಟೆಲ್ಲ ಕೇಳಿದರೆ ಸ್ಯಾನ್ ಫ್ರಾನ್ಸಿಸ್ಕೊ ಮೊದಲ ದಿನದಿಂದಲೇ ಮೇಸ್‌ರನ್ನು ಹೊತ್ತು ಮೆರೆಸಿತು ಅನಿಸಬಹುದು. ಇಲ್ಲ. 1957ರಲ್ಲಿ ಮೇಸ್ ಅಲ್ಲಿ ಮನೆ ಕೊಳ್ಳಲು ಹೋದಾಗ, ಕರಿಯರಿಗೆ ಮಾರಬೇಡಿ ಅಂತ ನೆರೆಹೊರೆಯವರು ತಕರಾರು ತೆಗೆದರು. ಮಾಲೀಕರು ಮೊದಲು ಹಿಂಜರಿದರು, ಸುದ್ದಿಯಾಗಿ ಗಲಾಟೆಯಾದ ಮೇಲೆ ಮನೆ ಸಿಕ್ಕಿತು. ಮೈದಾನದಲ್ಲೂ ಅಷ್ಟೇ. ಅವರು ನ್ಯೂಯಾರ್ಕ್‌ನ ತಾರೆ, ನಮ್ಮವರಲ್ಲ ಎಂಬ ಭಾವ ಇತ್ತು. 1958ರಲ್ಲಿ ಊರಿನ ಅಭಿಮಾನಿಗಳು ತಂಡದ ಶ್ರೇಷ್ಠ ಆಟಗಾರ ಅಂತ ಆರಿಸಿದ್ದು ಹೊಸ ಹುಡುಗ ಒರ್ಲಾಂಡೊ ಸೆಪೆಡಾರನ್ನು. ಮೇಸ್ ಆ ವರ್ಷ ಚೆನ್ನಾಗೇ ಆಡಿದ್ದರು.

ಬಾಂಡ್ಸ್ ಕಥೆ ಉಲ್ಟಾ. ಬೇರೆ ಊರುಗಳಲ್ಲಿ ಅವರು ಬ್ಯಾಟ್ ಹಿಡಿದರೆ ಸಾಕು, ಜನ ಕೂಗಿ ಅಣಕಿಸುತ್ತಿದ್ದರು. ಪತ್ರಕರ್ತರ ಜೊತೆ ಅವರ ಸಂಬಂಧ ಕೆಟ್ಟದಾಗಿತ್ತು. ಮತ ಹಾಕುವವರು ಅದೇ ಪತ್ರಕರ್ತರು ಎಂಬುದನ್ನು ನೆನಪಿಡಿ. ಆದರೆ ಸ್ವಂತ ಊರಿನಲ್ಲಿ ಪ್ರೀತಿಗೆ ಕಮ್ಮಿ ಇರಲಿಲ್ಲ. 2000ದಲ್ಲಿ ತೆರೆದ ಈಗಿನ ಮೈದಾನದ ಬಲಗಡೆ ಗೋಡೆಯ ಆಚೆಗೇ ಸಮುದ್ರದ ನೀರು. ಅದಕ್ಕೆ ಮೆಕೋವಿ ಕೋವ್ ಅಂತ ಹೆಸರು. ಬಾಂಡ್ಸ್ ಆಡುವ ದಿನ ಜನ ಚಿಕ್ಕ ದೋಣಿಗಳಲ್ಲಿ ಬಲೆ ಹಿಡಿದು ಅಲ್ಲಿ ಕಾಯುತ್ತಿದ್ದರು, ಚೆಂಡು ನೀರಿಗೆ ಬಿದ್ದರೆ ಹಿಡಿಯೋಣ ಅಂತ. ಜೈಂಟ್ಸ್ ಪರ ಅವರು 35 ಸಲ ಚೆಂಡನ್ನು ನೀರಿಗೆ ಹಾಕಿದ್ದಾರೆ.

ಕಪ್ಪಿನ ಲೆಕ್ಕ ಹಿಡಿದರೆ ಇಬ್ಬರೂ ಬಡವರೇ. ಮೇಸ್‌ಗೆ 1954ರದ್ದು ಒಂದು. ಬಾಂಡ್ಸ್‌ಗೆ ಒಂದೂ ಇಲ್ಲ. 2002ರ ವರ್ಲ್ಡ್ ಸೀರೀಸ್‌ನಲ್ಲಿ ಅವರು ನಾಲ್ಕು ಹೋಮ್ ರನ್ ಹೊಡೆದರೂ ಏಳನೇ ಪಂದ್ಯದಲ್ಲಿ ಏಂಜಲ್ಸ್ ವಿರುದ್ಧ ತಂಡ ಸೋತಿತು. ಪೋಸಿ ಬಳಿ ಮೂರಿವೆ. ಹಾಗಂತ ಪೋಸಿ ಇವರಿಬ್ಬರಿಗಿಂತ ದೊಡ್ಡವರು ಅಂತ ಅವರ ಕಟ್ಟಾ ಅಭಿಮಾನಿಯೂ ಹೇಳುವುದಿಲ್ಲ. ಬೇಸ್‌ಬಾಲ್‌ನಲ್ಲಿ ಒಬ್ಬ ಬ್ಯಾಟರ್‌ಗೆ ಒಂಬತ್ತರಲ್ಲಿ ಒಂದು ಸರದಿ. ಕೊನೆಯ ಓವರ್‌ನಲ್ಲಿ ಸ್ಟ್ರೈಕ್ ತಾನೇ ಇಟ್ಟುಕೊಳ್ಳುವ ಅವಕಾಶ ಇಲ್ಲ.

## ಈಗ ಎಲ್ಲಿಗೆ ಬಂತು?

ಮೇಸ್ 2024ರ ಜೂನ್ 18ರಂದು, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಾಗಿ ಎರಡೇ ದಿನಕ್ಕೆ ಜೈಂಟ್ಸ್ ಬರ್ಮಿಂಗ್‌ಹ್ಯಾಮ್‌ನ ರಿಕ್‌ವುಡ್ ಫೀಲ್ಡ್‌ನಲ್ಲಿ ಒಂದು ಪಂದ್ಯ ಆಡಿತು. ಹುಡುಗನಾಗಿದ್ದಾಗ ಮೇಸ್ ಬ್ಲ್ಯಾಕ್ ಬ್ಯಾರನ್ಸ್‌ಗೆ ಆಡಿದ ಅದೇ ಮೈದಾನ. ಪಂದ್ಯ ಮೊದಲೇ ನಿಗದಿಯಾಗಿತ್ತು. ಅದಕ್ಕೂ ಕೆಲವು ವಾರ ಮುಂಚೆ ಮೇಜರ್ ಲೀಗ್ ಇನ್ನೊಂದು ಕೆಲಸ ಮಾಡಿತ್ತು. ಹಳೇ ಕರಿಯರ ಲೀಗ್‌ಗಳ ಅಂಕಿಗಳನ್ನು ತನ್ನ ಅಧಿಕೃತ ದಾಖಲೆಗೆ ಸೇರಿಸಿಕೊಂಡಿತು. ಮೇಸ್‌ರ ಹಿಟ್‌ಗಳು 3,283ರಿಂದ 3,293 ಆದವು. ಆ ಹತ್ತು ಹಿಟ್‌ಗಳು ಲೆಕ್ಕಕ್ಕೆ ಬರಲು 76 ವರ್ಷ ಹಿಡಿಯಿತು.

1979ರಲ್ಲಿ ಮೇಸ್ ಮೊದಲ ಸಲಕ್ಕೇ ಹಾಲ್ ಆಫ್ ಫೇಮ್ ಸೇರಿದರು. 432 ಜನ ಮತ ಹಾಕಿದ್ದರು, 409 ಅವರ ಪರ. ಉಳಿದ 23 ಜನ ಅಷ್ಟು ವರ್ಷ ಯಾವ ಆಟ ನೋಡುತ್ತಿದ್ದರೋ ಗೊತ್ತಿಲ್ಲ. ಬಾಂಡ್ಸ್‌ರ 25ನೇ ನಂಬರಿನ ಅಂಗಿಯನ್ನು ಜೈಂಟ್ಸ್ 2018ರಲ್ಲಿ ಬೇರೆ ಯಾರಿಗೂ ಕೊಡದ ಹಾಗೆ ಎತ್ತಿಟ್ಟಿತು. ಮೇಸ್‌ರ 24 ಮೊದಲೇ ಹಾಗೆ ಇಟ್ಟಾಗಿದೆ. ಮೈದಾನದ ವಿಳಾಸವೇ "24, ವಿಲ್ಲಿ ಮೇಸ್ ಪ್ಲಾಜಾ".

ಹಾಲ್ ಆಫ್ ಫೇಮ್ ವಿಷಯದಲ್ಲಿ ಬಾಂಡ್ಸ್ ಇನ್ನು ಕಾಯಬೇಕು. ಸಮಿತಿಯಲ್ಲಿ 5ಕ್ಕಿಂತ ಕಡಿಮೆ ಮತ ಪಡೆದವರ ಹೆಸರು ಮುಂದಿನ ಸುತ್ತಿನ ಪಟ್ಟಿಗೆ ಬರುವಂತಿಲ್ಲ ಎಂಬ ಹೊಸ ನಿಯಮ ಇದೆ. ಈ ಮತದಾನ ನಡೆಯುವುದು ಮೂರು ವರ್ಷಕ್ಕೊಮ್ಮೆ. ಹಾಗಾಗಿ ಅವರ ಹೆಸರು ಮತ್ತೆ ಚರ್ಚೆಗೆ ಬರಬಹುದಾದ ಮೊದಲ ವರ್ಷ 2031. ಆ ಸಲವೂ 5 ಮತ ಬರದಿದ್ದರೆ, ಇನ್ನು ಮುಂದೆ ಅವರ ಹೆಸರು ಪಟ್ಟಿಗೆ ಬರುವುದೇ ಇಲ್ಲ.